ಕಾವಿಗೆ ಕೂತಿದ್ದ ಕರಿಕೋಳಿ

ನಮ್ಮ ಮನೆಯ ಕೋಳಿಗಳು ಯಾರವು ಎನ್ನುವುದು ಹೊತ್ತಿಗೊಂದು ಥರ. ಅಂಗಳದಲ್ಲಿ ಹರವಿದ ಕೊಬ್ಬರಿಯ ಮೇಲೆ ಹಿಕ್ಕೆ ಹಾಕಿದರೆ ಅವು ‘ನಿನ್ನ ಕೋಳಿ’. ನೆಂಟರು ಬಂದು ಸಾರಿಗೆ ಬೇಕಾದರೆ ‘ನಮ್ಮನೆ ಕೋಳಿ’. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವುದು, ಬೂದಿ ಹಾಕಿ ಗುಡಿಸುವುದು, ಕೊಕ್ಕರೆ ರೋಗ ಬರದಂತೆ ಪಶು ಆಸ್ಪತ್ರೆಯಿಂದ ಔಷಧಿ ತಂದು ಒಂದೊಂದರ ಕಣ್ಣಿಗೂ ಹನಿ ಬಿಡುವುದು, ಮುಂಗುಸಿ ಕಂಡರೆ ಕಲ್ಲು ಹಿಡಿದು ಓಡುವುದು, ಇಷ್ಟೂ ನನ್ನ ಕೆಲಸ. ಬಿಳಿಗೆರೆ ಹತ್ತಿರದ ಈ ತೋಟದ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಕೋಳಿ ಹಿಡಿಯುವ ಮುಂಚೆ ಯಾರಾದರೂ ನನ್ನನ್ನು ಒಂದು ಮಾತು ಕೇಳಿದ್ದು ನೆನಪಿಲ್ಲ.

ಆ ಕರಿಕೋಳಿಯಂತೂ ನಮ್ಮದೇ ಅಲ್ಲ. ಪಕ್ಕದ ತೋಟದ ದೊಡ್ಡಮ್ಮ, ಮಂಡಿನೋವು ಬಂದು ಓಡಾಡಲಾಗದ ಮೇಲೆ, ಅದನ್ನು ನನಗೆ ಪಾಲಿಗೆ ಕೊಟ್ಟಿದ್ದರು. ನಮ್ಮ ಕಡೆ ಹೆಂಗಸರಲ್ಲಿ ಇದು ನಡೆದುಬಂದ ರೂಢಿ. ಕೋಳಿ ಒಬ್ಬರದು, ಸಾಕುವುದು ಇನ್ನೊಬ್ಬರು, ಹುಟ್ಟಿದ ಮರಿಯಲ್ಲಿ ಅರ್ಧ ಅರ್ಧ. ತಾಯಿಕೋಳಿಯನ್ನು ಮಾತ್ರ ಸಾಕಿದವರು ಕುಯ್ಯುವಂತಿಲ್ಲ. ಕಾಗದವಿಲ್ಲ, ಸಾಕ್ಷಿಯಿಲ್ಲ, ಬಾಯಿಮಾತೇ ಎಲ್ಲ. ನಾನು ಬಿದಿರಿನ ಮಂಕರಿಗೆ ಮರಳು ಹಾಕಿ, ಮೇಲೆ ತೆಂಗಿನ ನಾರು ಹಾಸಿ, ಹದಿಮೂರು ಮೊಟ್ಟೆ ಇಟ್ಟು ಅದನ್ನು ಕಾವಿಗೆ ಕೂರಿಸಿದ್ದೆ. ಅವತ್ತಿಗೆ ಹದಿನೆಂಟು ದಿನ ಕಳೆದಿತ್ತು. ಇನ್ನು ಮೂರು ದಿನ ಕೂತಿದ್ದರೆ ಮರಿಯಾಗುತ್ತಿದ್ದವು.

ಅವತ್ತು ರೇಷನ್ ಅಂಗಡಿಯ ಮೆಷಿನ್ನು ನನ್ನ ಬೆರಳಚ್ಚು ಹಿಡಿಯದೆ ಅರ್ಧ ದಿನ ಅಲ್ಲೇ ಹೋಯಿತು. ವಾಪಸ್ ಬಂದರೆ ಹಿತ್ತಲಲ್ಲಿ ಪುಕ್ಕ ಸುಟ್ಟ ವಾಸನೆ. ನಮ್ಮ ಯಜಮಾನರೂ ಅವರ ಅಕ್ಕನ ಗಂಡ, ಅಂದರೆ ನಮ್ಮ ಭಾವನವರೂ ತೆಂಗಿನ ಮಟ್ಟೆಯ ಬೆಂಕಿಯ ಮುಂದೆ ಕೂತಿದ್ದರು. ಪಕ್ಕದಲ್ಲಿ ಕರಿ ಪುಕ್ಕದ ಗುಡ್ಡೆ.

“ಹುಂಜ ಕೈಗೇ ಸಿಗ್ಲಿಲ್ಲ ಕಣೇ, ತೋಟದೊಳಿಕ್ಕೆ ಹಾರ್ಬುಡ್ತು,” ಎಂದರು ಯಜಮಾನರು. “ಇದೊಂದು ಕೂತ್ ಕಡೇನೇ ಕೂತಿತ್ತು. ಓಡ್ಲೇ ಇಲ್ಲ.”

ಓಡಲಿಲ್ಲವಂತೆ. ಮೊಟ್ಟೆ ಬಿಟ್ಟು ಓಡಬಾರದು ಅಂತ ಕೂತಿದ್ದ ಜೀವವನ್ನು, ಓಡಲಿಲ್ಲ ಅನ್ನುವ ಕಾರಣಕ್ಕೇ ಹಿಡಿದು ಕುಯ್ದಿದ್ದರು. ಹಳ್ಳಿಯಲ್ಲೇ ಹುಟ್ಟಿ ಬೆಳೆದ ಗಂಡಸರಿಗೆ ಕಾವಿನ ಕೋಳಿ ಯಾವುದೆಂದು ಗೊತ್ತಾಗುವುದಿಲ್ಲವೇ? ಅದು ದೊಡ್ಡಮ್ಮನ ಕೋಳಿ, ನನ್ನನ್ನೊಂದು ಮಾತು ಕೇಳಬಾರದಿತ್ತೇ ಎಂದೆ. ಭಾವನವರು ನಕ್ಕು, “ಕೋಳಿನ ಕೇಳಿ ಮಸಾಲೆ ಅರೀತಾರೇನಮ್ಮ?” ಎಂದರು. ಕೋಳಿಯನ್ನು ಕೇಳುವುದು ಬೇಡ. ಅರೆಯುವವಳನ್ನಾದರೂ ಕೇಳಬೇಕಲ್ಲ.

ಮಂಕರಿಯಲ್ಲಿ ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು. ಬೇರೆ ಯಾವ ಕೋಳಿಯೂ ಕಾವಿಗೆ ಬಂದಿರಲಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಹಾಕಿ ಉಳಿಸೋಣವೆಂದರೆ ಮನೆ ತುಂಬ ಎಲ್‌ಇಡಿ. ಅದರಲ್ಲಿ ಬೆಳಕಿದೆ, ಕಾವು ಎಲ್ಲಿಂದ ಬರಬೇಕು? ಮೊಟ್ಟೆಗಳನ್ನು ಹಳೇ ಸೀರೆಯಲ್ಲಿ ಸುತ್ತಿ, ಮಡಿಲಿಗೆ ಹಾಕಿಕೊಂಡು ದೊಡ್ಡಮ್ಮನ ಮನೆಗೆ ಹೋದೆ. ನಿಮ್ಮ ಕೋಳಿಯನ್ನು ಕುಯ್ದುಬಿಟ್ಟರು ಎಂದು ಹೇಳುವಾಗ ತಲೆ ಎತ್ತಲಾಗಲಿಲ್ಲ. ಅವರು ಬೈಯಲಿಲ್ಲ. ಕೊಟ್ಟಿಗೆಯಲ್ಲಿದ್ದ ಹಳೇ ಹಳದಿ ಬಲ್ಬನ್ನು ಬಿಚ್ಚಿಸಿಕೊಂಡು, ಕುಂಟುತ್ತ ನನ್ನ ಜೊತೆಗೇ ಬಂದರು.

ರಟ್ಟಿನ ಪೆಟ್ಟಿಗೆಗೆ ಬಲ್ಬು ಹಾಕಿ ಮೊಟ್ಟೆ ಜೋಡಿಸಿದೆವು. ದೊಡ್ಡಮ್ಮ ಅದನ್ನು ಯಜಮಾನರ ಮುಂದಿಟ್ಟು, “ಅದು ಹದಿನೆಂಟು ದಿನ ಕೂತಿತ್ತು. ಬಾಕಿ ಮೂರು ದಿನ ನೀನ್ ಕೂತ್ಕೊ ಕಣಪ್ಪ. ಕರೆಂಟ್ ಹೋದ್ರೆ ಬಿಸ್ನೀರಿನ ಬಾಟ್ಲಿ ಇಡು. ಎದ್ದು ಎಲ್ಲೂ ಹೋಗ್ಬ್ಯಾಡ,” ಎಂದರು. ಇವರು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು.

ಅವತ್ತು ಮಸಾಲೆ ಅರೆದವಳೂ ನಾನೇ. ಮನೆಗೆ ಬಂದವರನ್ನು ಹಸಿದು ಕಳಿಸಬಾರದು ಅಂತ ಅರೆದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ. ಭಾವನವರು ಎರಡು ಸಲ ಹಾಕಿಸಿಕೊಂಡು ಉಂಡು, ಕಾವಿಗೆ ಕೂತು ಬಡವಾಗಿದೆ, ಬರೀ ಮೂಳೆ ಎಂದು ಬೇರೆ ಹೇಳಿದರು.

ಹದಿಮೂರರಲ್ಲಿ ಏಳು ಮರಿಯಾದವು. ಸುಳ್ಳು ಹೇಳಬಾರದು, ಯಜಮಾನರು ಮೂರು ದಿನವೂ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಆದರೆ ಮುಂದಿನ ವಾರ ನಾನು ತಿಪಟೂರಿನ ಬಸ್ಸಿಗೆ ಕಾಯುತ್ತಿದ್ದಾಗ ಟೀ ಅಂಗಡಿಯಲ್ಲಿ ಅವರ ಗಂಟಲು ಕೇಳಿಸಿತು. “ಏಳು ಮರಿ ಮಾಡ್ಸಿದ್ದೀನಿ ಕಣ್ರೀ, ಒಬ್ನೇ ಕೂತ್ಕಂಡು,” ಎಂದು ಹೇಳಿಕೊಳ್ಳುತ್ತಿದ್ದರು. ಎಲ್ಲರೂ ಭೇಷ್ ಎನ್ನುತ್ತಿದ್ದರು. ನನಗೆ ಮೈ ಉರಿದುಹೋಯಿತು. ಅಂಗಡಿಯ ಮುಂದೆ ನಿಂತು, “ಮೊದ್ಲು ಹದಿನೆಂಟು ದಿನ ಕೂತಿದ್ದೋಳ್ನ ಯಾರ್ ತಿಂದ್ರು ಅಂತ್ಲೂ ಹೇಳ್ರೀ,” ಎಂದೆ. ನನಗೆ ಬಸ್ಸು ಬಂತು, ಹತ್ತಿದೆ.

ಮರಿಗಳಲ್ಲಿ ನಾಲ್ಕನ್ನು ದೊಡ್ಡಮ್ಮನಿಗೆ ಕೊಟ್ಟೆ. ಕರಿಕೋಳಿಯ ಬದಲಿಗೆ, ದಿನಾ ಮೊಟ್ಟೆಯಿಡುತ್ತಿದ್ದ ನನ್ನ ಕೆಂಚು ಬಣ್ಣದ ಕೋಳಿಯನ್ನೂ ಕೊಟ್ಟೆ. ಕೋಳಿಗೆ ಕೋಳಿ ಬಂತಲ್ಲ, ಇನ್ನೇನು ಎಂದರು ಯಜಮಾನರು. ದೊಡ್ಡಮ್ಮ ಕೋಳಿಯನ್ನು ಇಸಿದುಕೊಂಡು, ತಿರುಗಿಸಿ ನೋಡಿ, ಚೆನ್ನಾಗಿ ಸಾಕಿದ್ದೀಯ ಎಂದರು. ಎರಡು ದಿನ ಬಿಟ್ಟು ಅದನ್ನೂ ನಾಲ್ಕು ಮರಿಗಳನ್ನೂ ಪಾಲಿಗೆ ಕೊಟ್ಟರು, ನನಗಲ್ಲ, ನಮ್ಮ ಆಚೆ ಮನೆಯವಳಿಗೆ. ಅವರದ್ದೇನೂ ತಪ್ಪಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಈ ಮನೆಗೆ ಕೋಳಿ ಕೊಡುತ್ತಿರಲಿಲ್ಲ.