ಗ್ರಹಣ ಬಿಟ್ಟ ಮೇಲಿನ ಟ್ರಿಪ್

ಎರಡು ಸಾವಿರದ ಹತ್ತೊಂಬತ್ತರ ಕ್ರಿಸ್‌ಮಸ್ಸಿನ ಮರುದಿನ ಕಂಕಣ ಸೂರ್ಯಗ್ರಹಣ ಆಯಿತು. ಆಗ ನಾನು ಉಡುಪಿ–ಕಾರ್ಕಳ ನಡುವೆ ಓಡುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಎಂದುಕೊಂಡು ಹತ್ತಿದವನು ವರ್ಷಗಳೇ ಕಳೆದರೂ ಇಳಿದಿರಲಿಲ್ಲ. ನಮ್ಮ ಡ್ರೈವರ್ ಕಾಪುವಿನವರು, ನಲವತ್ತೈದು ದಾಟಿದವರು. ನಾನು ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆ. ಬೈಲೂರು, ಹಿರಿಯಡಕ, ಪರ್ಕಳದ ಆ ರಸ್ತೆಯ ಪ್ರತಿ ತಿರುವೂ ಅವರ ಕೈಗೆ ಗೊತ್ತಿತ್ತು. ಅವರು ಓಡಿಸುವಾಗ ನಾನು ಒಮ್ಮೆಯೂ ಮುಂದಿನ ಗಾಜಿನಾಚೆ ನೋಡಬೇಕಾದ ಸಂದರ್ಭ ಬಂದಿರಲಿಲ್ಲ.

ಆ ಬೆಳಿಗ್ಗೆ ಬಸ್ಸು ಖಾಲಿ. ಹೋಟೆಲುಗಳು ಬಾಗಿಲು ತೆರೆದಿರಲಿಲ್ಲ. ಮಣಿಪಾಲದಲ್ಲಿ ಮಾತ್ರ ವಿದ್ಯಾರ್ಥಿಗಳು ಕಪ್ಪು ಕನ್ನಡಕ ಹಾಕಿಕೊಂಡು ಗುಂಪುಗುಂಪಾಗಿ ಆಕಾಶ ನೋಡುತ್ತಿದ್ದರು.

"ಅಮ್ಮ ಇವತ್ತು ಹೊರಗೆ ಹೋಗಲೇಬೇಡ ಅಂದರು," ಎಂದರು ಅಣ್ಣ. "ರಾತ್ರಿಯಿಂದ ಅವರ ಹೊಟ್ಟೆಗೆ ಏನೂ ಇಲ್ಲ. ನಾನು ಹೇಳಿದೆ, ಗ್ರಹಣ ಅಂತ ಸೂರ್ಯನೇ ರಜೆ ಹಾಕಲಿಲ್ಲ, ನನಗೆಂತ ರಜೆ."

ಒಂಬತ್ತು ದಾಟುವ ಹೊತ್ತಿಗೆ ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿದ್ದೆವು. ಮುಂದಿನ ಟ್ರಿಪ್ಪಿಗೆ ಸಮಯವಿತ್ತು. ಬಿಸಿಲು ವಿಚಿತ್ರವಾಗಿತ್ತು. ಸಂಜೆಯ ಹಳದಿಯೂ ಅಲ್ಲ, ಮೋಡದ ಮಂಕೂ ಅಲ್ಲ. ಯಾರೋ ದೀಪದ ಬತ್ತಿಯನ್ನು ಮೆಲ್ಲಗೆ ಇಳಿಸುತ್ತಿರುವ ಹಾಗೆ. ನೆರಳುಗಳ ಅಂಚು ಬ್ಲೇಡಿನಲ್ಲಿ ಕತ್ತರಿಸಿದಂತೆ ಹರಿತವಾಗಿತ್ತು. ಸ್ಟ್ಯಾಂಡಿನ ಬದಿಯ ಬಾದಾಮಿ ಮರದ ಎಲೆಗಳ ಸಂದಿಯಿಂದ ಬೀಳುವ ಬೆಳಕಿನ ಚುಕ್ಕೆಗಳೆಲ್ಲ ಸಣ್ಣ ಸಣ್ಣ ಕುಡುಗೋಲುಗಳಾಗಿದ್ದವು. ಅಣ್ಣನ ಖಾಕಿ ಅಂಗಿಯ ಬೆನ್ನ ಮೇಲೆಲ್ಲ ಅವು ಹರಡಿದ್ದವು. ಒಂದೊಂದು ಸಂದಿಯೂ ಒಂದೊಂದು ಸೂರ್ಯನ ಚಿತ್ರ ಇಳಿಸುತ್ತಿದೆ ಎಂದು ನಾನು ಅವರಿಗೆ ಹೇಳಿದೆ. ಅವರಿಗೆ ಚಿತ್ರ ಬೇಡವಾಗಿತ್ತು, ಸೂರ್ಯನೇ ಬೇಕಿತ್ತು.

ಇನ್ನೊಂದು ಬಸ್ಸಿನ ಚೆಕ್ಕರ್ ಯಾರದ್ದೋ ಎದೆಯ ಹಳೆಯ ಎಕ್ಸ್‌ರೇ ಹಿಡಿದುಕೊಂಡು ಬಂದಿದ್ದರು. ಅದನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ನೋಡಿದರು. ನಾನೂ ಒಂದು ಕ್ಷಣ ನೋಡಿದೆ. ಕರಿ ಬಿಲ್ಲೆಯೊಂದು ಸೂರ್ಯನ ಮೇಲೆ ಕುಳಿತಿತ್ತು, ಒಂದು ಬದಿಗೆ ಉಗುರಿನಷ್ಟು ಅಂಚು ಉಳಿದಿತ್ತು. ಅಷ್ಟರಲ್ಲಿ ಯಾರೋ ಕಾರ್ಕಳದ ಬಸ್ಸು ಯಾವುದೆಂದು ಕೇಳಿದರು, ನಾನು ಅತ್ತ ಹೋದೆ. ತಿರುಗಿ ಬಂದಾಗ ಅಣ್ಣನ ಕೈಯಲ್ಲಿ ಎಕ್ಸ್‌ರೇ ಇರಲಿಲ್ಲ. ಮುಖ ಮೇಲೆತ್ತಿ ಬರಿಗಣ್ಣಿನಲ್ಲಿ ನೋಡುತ್ತಾ ನಿಂತಿದ್ದರು.

"ಅಣ್ಣ, ಸಾಕು."

"ಸೂರ್ಯನ ಸುತ್ತ ಬಳೆ ಕೂಡ್ತದಾ ಇಲ್ವಾ ನೋಡ್ತೇನೆ ಮಾರಾಯ. ಈಗ ಬೆಳಕೇ ಇಲ್ಲ. ಎಂತದೂ ಆಗುವುದಿಲ್ಲ."

ಅವರ ತೋಳು ಹಿಡಿದು ಎಳೆದೆ. ನಗುತ್ತಾ ಸೀಟಿಗೆ ಬಂದು ಕುಳಿತರು.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಒಂದೆರಡು ಸಲ ಕಣ್ಣುಜ್ಜಿಕೊಂಡರು. ಫ್ಲ್ಯಾಶ್ ಹೊಡೆದ ಮೇಲೆ ಉಳಿಯುತ್ತದಲ್ಲ, ಅಂಥ ಮಚ್ಚೆಯೊಂದು ಹೋಗುತ್ತಿಲ್ಲ ಎಂದರು. ಊಟ ಮಾಡಿದರೆ ಸರಿಯಾದೀತು ಎಂದು ಅವರೇ ಹೇಳಿಕೊಂಡರು.

ಸಂಜೆ ಕಾರ್ಕಳದಿಂದ ಹೊರಟಾಗ ಬಸ್ಸು ಭರ್ತಿ. ಬೆಳಿಗ್ಗೆ ಮನೆಯಲ್ಲೇ ಉಳಿದವರೆಲ್ಲ ಗ್ರಹಣ ಬಿಟ್ಟ ಮೇಲೆ ಒಟ್ಟಿಗೆ ಹೊರಬಿದ್ದಿದ್ದರು. ಫುಟ್‌ಬೋರ್ಡಿನ ತನಕ ಜನ. ನಾನು ಹಿಂದಿನಿಂದ ಟಿಕೆಟ್ ಕೊಡುತ್ತಾ ಬರುತ್ತಿದ್ದೆ. ಬೈಲೂರು ದಾಟಿದ ಮೇಲೆ ಬಸ್ಸಿನ ವೇಗ ಇಳಿಯಿತು. ಅದು ಅಣ್ಣನ ಓಟವಲ್ಲ. ಹಿಂದೆಯೇ ಇನ್ನೊಂದು ಬಸ್ಸು ಹಾರ್ನ್ ಹಾಕುತ್ತಿತ್ತು. ಅಣ್ಣ ಕನ್ನಡಿಯಲ್ಲಿ ನನ್ನನ್ನು ಹುಡುಕುತ್ತಿದ್ದುದು ಕಂಡಿತು. ಜನರನ್ನು ಸರಿಸಿಕೊಂಡು ಮುಂದೆ ಹೋದೆ.

"ಹತ್ತಿರ ಬಾ," ಎಂದರು. ತುಟಿ ಮಾತ್ರ ಅಲುಗುತ್ತಿತ್ತು. "ಎದುರಿನಿಂದ ಬೈಕ್ ಬಂದರೆ ನನಗೆ ಕಾಣ್ತಾ ಇಲ್ಲ."

ನನಗೆ ಅರ್ಥವಾಗಲಿಲ್ಲ. "ಬಿಸಿಲಾ ಅಣ್ಣ?"

"ಬಿಸಿಲಲ್ಲ. ಬದಿಯದ್ದೆಲ್ಲ ಕಾಣ್ತದೆ. ಮರ ಕಾಣ್ತದೆ, ನೀನು ಕಾಣ್ತಿ. ನೇರ ಎಲ್ಲಿ ನೋಡ್ತೇನೋ ಅಲ್ಲೇ ತೂತು."

ಮೊದಲ ಸಲ ನಾನು ಮುಂದಿನ ಗಾಜಿನಾಚೆ ನೋಡಿದೆ. ಪಡುವಣ ಸೂರ್ಯ ಗಾಜಿಗೆ ನೇರವಾಗಿ ಹೊಡೆಯುತ್ತಿದ್ದ. "ನಿಲ್ಲಿಸಿ ಅಣ್ಣ," ಎಂದೆ.

"ಎಲ್ಲಿ ನಿಲ್ಲಿಸುವುದು? ಬದಿ ಉಂಟಾ ಇಲ್ಲಿ? ಹಿಂದೆ ಅವನು ಅಂಟಿಕೊಂಡೇ ಬರ್ತಿದ್ದಾನೆ."

ನಿಜ. ಎಡಗಡೆ ಹೊಸದಾಗಿ ಅಗೆದ ಚರಂಡಿ, ಅದರಾಚೆ ಗೋಡೆಯಂತೆ ಎದ್ದ ಕೆಂಪುಕಲ್ಲಿನ ದರೆ. ಬಲಗಡೆ ಇಳಿಜಾರು. ತಿರುವಿನ ಮೇಲೆ ತಿರುವು. ತುಂಬಿದ ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿದರೆ ಹಿಂದಿನವನು ಬಂದು ಗುದ್ದುವುದು ಖಂಡಿತ. ತಿರುವು ಮುಗಿದ ಕೂಡಲೇ ಅಗಲವಾದ ಜಾಗವೊಂದಿದೆ, ಅಲ್ಲಿಯವರೆಗೆ ಹೋಗಲೇಬೇಕು ಎಂದರು. ಎರಡನೇ ಗೇರಿಗೆ ಇಳಿಸಿದರು. ನಾನು ಅವರ ಸೀಟಿನ ಹಿಂದಿನ ಕಂಬಿಗೆ ಬೆನ್ನು ಒತ್ತಿ, ಅವರ ಕಿವಿಯ ಹತ್ತಿರ ಬಾಗಿ ನಿಂತೆ.

"ಕಾರು ಬರ್ತಾ ಉಂಟು. ಅವನ ಬದಿಯಲ್ಲೇ ಇದ್ದಾನೆ. ಹೋಯ್ತು. ಈಗ ಖಾಲಿ. ಎಡಕ್ಕೆ ತಿರುವು... ಸ್ಕೂಟರ್, ಇಬ್ಬರು ಇದ್ದಾರೆ, ಹೋದರು."

ಅಣ್ಣ ಮುಖವನ್ನು ಓರೆ ಮಾಡಿ, ಕಣ್ಣಂಚಿನಲ್ಲಿ ರಸ್ತೆ ಹಿಡಿಯಲು ನೋಡುತ್ತಿದ್ದರು. ಮುಂದಿನ ಸೀಟಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಡ್ಯೂಟಿಗೆ ಹೋಗುವ ನರ್ಸ್ ಒಬ್ಬರು ಕುಳಿತಿದ್ದರು. ದಿನಾ ಬರುವವರು. ನನ್ನ ಪಿಸುಮಾತು ಅವರಿಗೆ ಕೇಳಿಸಿತು.

"ಎಂತ ಆಗಿದೆ ಅವರಿಗೆ?"

"ಎಂತ ಇಲ್ಲ ಅಕ್ಕ, ಗಟ್ಟಿ ಹಿಡ್ಕೊಳ್ಳಿ," ಎಂದೆ. ಅಷ್ಟು ಹೇಳಲು ಕತ್ತು ತಿರುಗಿಸಿದ್ದು ಅರೆಕ್ಷಣ. ಮತ್ತೆ ನೋಡುವಾಗ, ತಿರುವಿನ ಕೊನೆಯಲ್ಲಿ, ಹುಲ್ಲಿನ ಹೊರೆ ಕಟ್ಟಿದ ಸೈಕಲನ್ನು ತಳ್ಳಿಕೊಂಡು ಒಬ್ಬ ಮುದುಕ ರಸ್ತೆ ದಾಟುತ್ತಿದ್ದ. ಸರಿಯಾಗಿ ನಮ್ಮ ಬಸ್ಸಿನ ನೇರಕ್ಕೆ.

"ಹೋಲ್ಡಾನ್," ಎಂದು ನಾನು ಕಿರುಚಿದ್ದು ಬಸ್ಸಿಗೆಲ್ಲ ಕೇಳಿಸಿರಬೇಕು. ಅಣ್ಣ ಎದುರಿನದು ಕಾಣದೆಯೇ ಬ್ರೇಕ್ ಒತ್ತಿದರು. ನಿಂತವರು ಒಬ್ಬರ ಮೇಲೊಬ್ಬರು ಬಿದ್ದರು. ಹಿಂದಿನ ಬಸ್ಸು ಕೀಚಲು ಶಬ್ದ ಮಾಡುತ್ತಾ ಬಲಕ್ಕೆ ಸರಿದು ನಿಂತಿತು. ಹುಲ್ಲಿನ ಹೊರೆಯ ತುದಿ ನಮ್ಮ ಬಂಪರಿಗೆ ತಾಗಿತ್ತು. ಮುದುಕ ಬಸ್ಸಿನತ್ತ ಒಮ್ಮೆ ನೋಡಿ, ಸೈಕಲ್ ನೆಟ್ಟಗೆ ಮಾಡಿಕೊಂಡು, ಏನೂ ಆಗದವನಂತೆ ಆಚೆ ಹೋದ.

"ಯಾರದು? ತಾಗಿತಾ?" ಎಂದರು ಅಣ್ಣ. ಆ ಪ್ರಶ್ನೆ ಇವತ್ತಿಗೂ ನನಗೆ ಕೇಳಿಸುತ್ತದೆ. ಬಂಪರಿನ ಮುಂದೆಯೇ ನಡೆದುಹೋದ ಮನುಷ್ಯನನ್ನು ಅವರು ನೋಡಿಯೇ ಇರಲಿಲ್ಲ.

"ಯಾರಿಗೂ ತಾಗಲಿಲ್ಲ," ಎಂದು ಹೇಳಿ ಕೈ ಚಾಚಿ ಎಂಜಿನ್ ಬಂದ್ ಮಾಡಿದೆ.

ಹಿಂದಿನ ಬಸ್ಸಿನ ಡ್ರೈವರ್ ಬೈಯುತ್ತಾ ಇಳಿದು ಬಂದವರು ಅಣ್ಣನ ಮುಖ ನೋಡಿ ಸುಮ್ಮನಾದರು. ದಿನವೂ ಟೈಮಿಗಾಗಿ ನಮ್ಮೊಂದಿಗೆ ಜಗಳವಾಡುತ್ತಿದ್ದ ಅವರೇ ನಮ್ಮ ಪ್ರಯಾಣಿಕರನ್ನೆಲ್ಲ ಹತ್ತಿಸಿಕೊಂಡರು, ಅವರ ಕ್ಲೀನರ್ ನಮ್ಮ ಬಸ್ಸನ್ನು ಮುಂದಿನ ಅಗಲ ಜಾಗಕ್ಕೆ ಹಾಕಿಕೊಟ್ಟ. ನರ್ಸ್ ಅಕ್ಕ ಮಾತ್ರ ನಮ್ಮ ಜೊತೆ ಉಳಿದರು. ಆಟೋ ನಿಲ್ಲಿಸಿ, "ಬೆಳಿಗ್ಗೆ ಸೂರ್ಯನನ್ನು ನೋಡಿದ್ರಾ?" ಎಂದು ಕೇಳಿದರು. ಅಣ್ಣ ಹೂಂಗುಟ್ಟಿದರು. ಆಟೋ ನೇರ ಮಣಿಪಾಲದ ಆಸ್ಪತ್ರೆಗೆ ಹೋಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ನನಗೂ ಭಯ ಹತ್ತಿಕೊಂಡಿತು. ನಾನೂ ನೋಡಿದವನೇ. ಒಂದು ಕಣ್ಣು ಮುಚ್ಚಿ ಎದುರಿನ ಬೋರ್ಡನ್ನು ಓದುವುದು, ಇನ್ನೊಂದು ಮುಚ್ಚಿ ಅದನ್ನೇ ಓದುವುದು. ಅಕ್ಷರಗಳೆಲ್ಲ ಇದ್ದವು. ಆದರೂ ಮತ್ತೆ ಮತ್ತೆ ಓದಿದೆ.

ಮರುದಿನ ಬೆಳಿಗ್ಗೆ ಸ್ಕ್ಯಾನ್ ಆಯಿತು. ಕಣ್ಣಿನ ಡಾಕ್ಟರ್ ಐವತ್ತರ ಹತ್ತಿರದ ಹೆಂಗಸು. ಪರದೆಯ ಮೇಲೆ ಎರಡೂ ಕಣ್ಣಿನ ಒಳಪದರದ ಚಿತ್ರ ತೋರಿಸಿದರು. ನಡುವಿನ ತಗ್ಗಿನಲ್ಲಿ, ನಾವು ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬಳಸುವ ಜಾಗದಲ್ಲಿ, ಒಂದು ಗೆರೆ ತುಂಡಾಗಿತ್ತು. ಎಡಗಣ್ಣಿನಲ್ಲಿ ಹೆಚ್ಚು.

"ನೋವೇ ಆಗಲಿಲ್ಲ ಡಾಕ್ಟ್ರೇ," ಎಂದರು ಅಣ್ಣ.

"ಆ ಪದರಕ್ಕೆ ನೋವು ಗೊತ್ತಾಗುವುದಿಲ್ಲ. ಅದೇ ಕಷ್ಟ."

"ಸೂರ್ಯ ಅಷ್ಟು ಸಣ್ಣ ಆಗಿದ್ದ. ಬೆಳಕೇ ಇರಲಿಲ್ಲ. ಮತ್ತೆ ಹೇಗೆ ಸುಟ್ಟಿತು?"

ಡಾಕ್ಟರ್ ಪರದೆಯಿಂದ ಅವರತ್ತ ತಿರುಗಿದರು. "ಮನೆಯಲ್ಲಿ ದೋಸೆ ಕಾವಲಿ ಉಂಟಲ್ಲ," ಎಂದರು. "ಕಾದ ಕಾವಲಿಯ ಮೇಲೆ ತಟ್ಟೆ ಮುಚ್ಚಿ, ಅಂಚು ಮಾತ್ರ ಬಿಟ್ಟರೆ ಕೋಣೆಗೆ ಬರುವ ಬಿಸಿ ಕಡಿಮೆಯಾಗ್ತದೆ. ಆದರೆ ಆ ಅಂಚನ್ನು ಮುಟ್ಟಿದರೆ? ಕೈ ಸುಡುವುದರಲ್ಲಿ ರಿಯಾಯಿತಿ ಇಲ್ಲ. ಸೂರ್ಯನ ಅಂಚೂ ಹಾಗೆ. ಚಂದ್ರ ಎಷ್ಟು ಮುಚ್ಚಿದರೂ ಉಳಿದ ಚೂರು ಅಷ್ಟೇ ಉರಿ. ಸಾಲದ್ದಕ್ಕೆ, ಕತ್ತಲೆಯಾಯಿತು ಅಂತ ಕಣ್ಣಿನ ಪಾಪೆ ದೊಡ್ಡದಾಗಿ ತೆರೆದುಕೊಳ್ತದೆ. ಬಾಗಿಲು ತೆರೆದು ಬೆಂಕಿಯನ್ನು ಒಳಗೆ ಕರೆದ ಹಾಗೆ."

ಪೂರ್ತಿ ಮುಚ್ಚುವ ಗ್ರಹಣವೂ ಇದೆಯಲ್ಲ ಎಂದು ನಾನು ಕೇಳಿದೆ. ಇದೆ ಎಂದರು. ಸೂರ್ಯ ಚಂದ್ರನಿಗಿಂತ ಸುಮಾರು ನಾನೂರು ಪಟ್ಟು ದೊಡ್ಡವನು, ಹೆಚ್ಚುಕಡಿಮೆ ಅಷ್ಟೇ ಪಟ್ಟು ದೂರದಲ್ಲೂ ಇದ್ದಾನೆ. ಹಾಗಾಗಿ ನಮಗೆ ಎರಡೂ ಒಂದೇ ಗಾತ್ರವಾಗಿ ಕಾಣುತ್ತವೆ. ಆದರೆ ಚಂದ್ರನ ದಾರಿ ಸರಿಯಾದ ವೃತ್ತವಲ್ಲ. ಹತ್ತಿರವಿದ್ದಾಗ ಸೂರ್ಯನನ್ನು ಪೂರ್ತಿ ಮುಚ್ಚುತ್ತಾನೆ, ದೂರವಿದ್ದಾಗ ಸಾಲದೆ ಬಳೆ ಉಳಿಯುತ್ತದೆ. ಈ ಸಲ ದೂರವಿದ್ದ. ಆ ಬಳೆಯೂ ಪೂರ್ತಿಯಾಗಿ ಕಂಡದ್ದು ನಮಗಿಂತ ದಕ್ಷಿಣದವರಿಗೆ.

"ಪೂರ್ಣ ಗ್ರಹಣದಲ್ಲಿ, ಪೂರ್ತಿ ಮುಚ್ಚಿದ ಆ ಕೆಲವು ನಿಮಿಷ ಮಾತ್ರ ಬರಿಗಣ್ಣಿನಲ್ಲಿ ನೋಡಬಹುದು," ಎಂದರು. "ಹಗಲಲ್ಲೇ ನಕ್ಷತ್ರ ಕಾಣ್ತದೆ. ಸೂರ್ಯನ ಸುತ್ತ ಬಿಳಿ ಪ್ರಭೆ. ನಾನು ಸಣ್ಣವಳಿದ್ದಾಗ ಅಂಥದ್ದು ನಮ್ಮ ಊರ ಮೇಲೆಯೇ ಹಾದುಹೋಯ್ತು, ಅಂಕೋಲದಲ್ಲಿ. ಮನೆಯವರು ನಮ್ಮನ್ನೆಲ್ಲ ಕೋಣೆಯಲ್ಲಿ ಕೂಡಿಹಾಕಿ ಕಿಟಕಿಗೆ ಕಂಬಳಿ ಹೊದಿಸಿದ್ದರು. ಹಕ್ಕಿಗಳೆಲ್ಲ ಒಮ್ಮೆಲೇ ಸುಮ್ಮನಾದದ್ದು ಮಾತ್ರ ಗೊತ್ತು. ಅಜ್ಜಿ ನನ್ನ ಕಣ್ಣಿಗೆ ಕೈ ಮುಚ್ಚಿ ಹಿಡಿದಿದ್ದರು."

ಅಣ್ಣ ಕೇಳಬೇಕಾದ್ದನ್ನು ಕೇಳಿದರು. "ಗುಣ ಆಗ್ತದಾ?"

"ಹೆಚ್ಚಿನವರಿಗೆ ತನ್ನಿಂದ ತಾನೇ ಆಗ್ತದೆ. ಕೆಲವರಿಗೆ ಕಲೆ ಉಳೀತದೆ. ಮದ್ದು ಅಂತ ಇಲ್ಲ. ಕಾಯಬೇಕು. ಅಲ್ಲಿಯವರೆಗೆ ಬಸ್ಸಲ್ಲ, ಸ್ಕೂಟರ್ ಕೂಡ ಮುಟ್ಟಬಾರದು."

ಕಾಪುವಿನ ಮನೆಗೆ ನಾನೇ ಕರೆದುಕೊಂಡು ಹೋದೆ. ಅವರ ಅಮ್ಮ ಅಂಗಳದಲ್ಲಿ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮಗನ ಗಲ್ಲ ಹಿಡಿದು, "ನನ್ನ ಮುಖ ಕಾಣ್ತದಾ?" ಎಂದು ಕೇಳಿದರು. ಅಣ್ಣ ಮುಖವನ್ನು ಸ್ವಲ್ಪ ಬದಿಗೆ ತಿರುಗಿಸಿ, "ಕಾಣ್ತದೆ ಅಮ್ಮ," ಎಂದರು. ನೇರ ನೋಡಿದ್ದರೆ ಕಾಣುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಾಗಿರಬೇಕು. ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಕಾಯುವುದೇ ಕೆಲಸವಾಯಿತು. ರಜೆ ಸಿಕ್ಕಿದಾಗಲೆಲ್ಲ ನಾನು ಹೋಗುತ್ತಿದ್ದೆ. ಸಂಜೆ ಇಬ್ಬರೂ ಕಡಲಿನ ಬದಿಗೆ ನಡೆಯುತ್ತಿದ್ದೆವು. ಅಲ್ಲಿನ ಲೈಟ್‌ಹೌಸಿಗೆ ಕಪ್ಪು ಬಿಳಿ ಅಡ್ಡಪಟ್ಟಿಗಳಿವೆ. ಅಣ್ಣ ಒಂದು ಕಣ್ಣು ಮುಚ್ಚಿ ಆ ಪಟ್ಟಿಗಳನ್ನು ನೋಡುತ್ತಿದ್ದರು. ಮೊದಲಿಗೆ ನಡುವಿನ ಪಟ್ಟಿಯೇ ಇರುತ್ತಿರಲಿಲ್ಲ. ಆಮೇಲೆ ಇತ್ತು, ಆದರೆ ನೀರಿನಲ್ಲಿ ಕಂಡ ಹಾಗೆ ಬಾಗಿತ್ತು.

"ಇವತ್ತು ಹೇಗುಂಟು?" ಎಂದರೆ ಕೆಲವು ದಿನ, "ನಿನ್ನೆಯಷ್ಟೇ," ಎನ್ನುತ್ತಿದ್ದರು. ಕೆಲವು ದಿನ ಇನ್ನೊಂದು ಕಣ್ಣು ಮುಚ್ಚಿ ಮತ್ತೆ ಪಟ್ಟಿ ಎಣಿಸುತ್ತಿದ್ದರು. ಒಮ್ಮೆ ಮಾತ್ರ ಬಂಡೆಯ ಮೇಲೆ ಕುಳಿತು ಹೇಳಿದರು. "ಕಣ್ಣು ಹೋದರೆ ಹೋಗಲಿ ಮಾರಾಯ. ಆ ಮುದುಕ ಹೋಗಿದ್ದರೆ? ರಾತ್ರಿ ಮಲಗಿದರೆ ಬ್ರೇಕ್ ಒತ್ತುತ್ತಾ ಇರ್ತೇನೆ. ಅಲ್ಲಿ ಯಾರಿದ್ದಾರೆ ಅಂತ ಕನಸಿನಲ್ಲೂ ಕಾಣುವುದಿಲ್ಲ."

ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಎಲ್ಲ ಬಸ್ಸುಗಳೂ ನಿಂತವು. ಊರಿನ ಡ್ರೈವರುಗಳೆಲ್ಲ ಮನೆಯಲ್ಲೇ ಕುಳಿತರು. ಕೆಟ್ಟ ಕಾಲದಲ್ಲಿ ಅಣ್ಣನಿಗೆ ಸಿಕ್ಕ ಸಣ್ಣ ನೆಮ್ಮದಿ ಅದೊಂದೇ ಇರಬೇಕು: ಅವರೊಬ್ಬರೇ ಹಿಂದೆ ಉಳಿದಂತಾಗಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದೆವು. ಮೇ ತಿಂಗಳ ಒಂದು ಸಂಜೆ ಅವರೇ ಕರೆ ಮಾಡಿ, "ಬಲಗಣ್ಣಿಗೆ ಎಲ್ಲ ಪಟ್ಟಿಯೂ ನೆಟ್ಟಗೆ ಕಂಡಿತು," ಎಂದರು. ಅಷ್ಟೇ ಹೇಳಿ ಇಟ್ಟುಬಿಟ್ಟರು.

ಬಸ್ಸು ಮತ್ತೆ ಹೊರಡುವ ಮೊದಲು ಮಣಿಪಾಲಕ್ಕೆ ಹೋದೆವು. ಹೊಸ ಸ್ಕ್ಯಾನಿನಲ್ಲಿ ಬಲಗಣ್ಣಿನ ಗೆರೆ ಕೂಡಿತ್ತು. ಎಡಗಣ್ಣಿನಲ್ಲಿ ಸಾಸಿವೆಯಷ್ಟು ಕಲೆ ಉಳಿದಿತ್ತು. ಎರಡೂ ಕಣ್ಣು ತೆರೆದಿದ್ದಾಗ ಅದು ಗೊತ್ತಾಗುವುದಿಲ್ಲ. ಡಾಕ್ಟರ್ ಅಕ್ಷರಗಳ ಫಲಕವನ್ನು ಕೊನೆಯ ಸಾಲಿನವರೆಗೆ ಓದಿಸಿದರು. ಸಮಾಧಾನವಾಗದೆ ಇನ್ನೊಮ್ಮೆ ಓದಿಸಿದರು. ಆಮೇಲೆ, "ಓಡಿಸಬಹುದು," ಎಂದರು. ಅಣ್ಣ ಎದ್ದವರು ಮತ್ತೆ ಕುಳಿತರು. ಕೊನೆಯ ಸಾಲು ಇನ್ನೊಮ್ಮೆ ಓದುತ್ತೇನೆ ಎಂದರು.

ನಾನು ಕಂಡಕ್ಟರ್ ಕೆಲಸ ಬಿಟ್ಟು ಈಗ ಕೆಲವು ವರ್ಷಗಳಾದವು. ಅವರು ಅದೇ ರಸ್ತೆಯಲ್ಲಿದ್ದಾರೆ. ಉಡುಪಿಗೆ ಹೋಗುವಾಗ ಒಮ್ಮೊಮ್ಮೆ ಅವರ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಯುತ್ತೇನೆ. ಓಟ ಮೊದಲಿನಷ್ಟು ಜೋರಿಲ್ಲ. ಎದುರಿನಿಂದ ಬೈಕ್ ಬಂದರೆ ಅವರ ಮುಖ ತಾನಾಗಿಯೇ ಒಂದಿಷ್ಟು ಬದಿಗೆ ವಾಲುತ್ತದೆ, ಮತ್ತೆ ನೇರವಾಗುತ್ತದೆ. ಅದರ ಅಗತ್ಯ ಈಗ ಇಲ್ಲ ಎಂದು ಅವರಿಗೂ ಗೊತ್ತು. ಆ ಒಂದು ಕ್ಷಣ ನಾನೂ ಎದುರಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ.