ಅರ್ಧಕ್ಕೆ ಬಿಟ್ಟ ದಾಡಿ

ದೆವ್ವ, ಭೂತ, ಮಾಟ, ಮಂತ್ರ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಜಾತಿ ನನ್ನದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಯಾರೋ ಹೆಸರು ಹಿಡಿದು ಕರೆದಂತಾಯಿತು, ಸತ್ತ ಅಜ್ಜಿ ಕನಸಿನಲ್ಲಿ ಬಂದು ನೀರು ಕೇಳಿದಳು ಎಂಬಂಥ ಕಥೆಗಳನ್ನು ಸ್ಟಾಫ್ ರೂಮಿನಲ್ಲಿ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಹೇಳಿದವರಿಗೆಲ್ಲ ನನ್ನದು ಒಂದೇ ಪ್ರಶ್ನೆ: ಸಾಕ್ಷಿ ಯಾರು? ಈಗ ನನ್ನದೇ ಒಂದು ಸಂಗತಿ ಹೇಳಲು ಕುಳಿತಿದ್ದೇನೆ. ಸಾಕ್ಷಿಗಳಿದ್ದಾರೆ. ಆದರೂ ಯಾರೂ ನಂಬುವುದಿಲ್ಲ. ನೀವೂ ನಂಬದಿದ್ದರೆ ಬೇಡ, ಕಡೆಯತನಕ ಕೇಳಿದರೆ ಸಾಕು. ಇದರಲ್ಲಿ ಬಿಳಿ ಸೀರೆ ಇಲ್ಲ, ಗೆಜ್ಜೆ ಸಪ್ಪಳ ಇಲ್ಲ. ಬರೀ ಒಂದು ದಾಡಿ ಇದೆ.

ನನ್ನ ಅಪ್ಪ ಗುಳೇದಗುಡ್ಡದಲ್ಲಿ ಕುಪ್ಪಸದ ಖಣದ ವ್ಯಾಪಾರ ಮಾಡಿದವನು. ಮಗ್ಗದಿಂದ ಇಳಿದ ಅರಿವೆಯ ಮೇಲೆ ಅಂಗೈ ಆಡಿಸಿ, ಕಣ್ಣಿಗೆ ಕಾಣದ ಗಂಟನ್ನೂ ಹಿಡಿದು ತೋರಿಸುತ್ತಿದ್ದ. ಆ ಕೈ ಅಂಗಡಿಯಲ್ಲೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅದು ನನ್ನ ಗಲ್ಲದ ಮೇಲೂ ಬರುತ್ತಿತ್ತು.

ಅಪ್ಪನ ಪ್ರಕಾರ ದಾಡಿ ಎಂದರೆ ಮಡಚುವ ಕತ್ತಿಯಿಂದ ಮಾಡಿಕೊಂಡದ್ದು ಮಾತ್ರ. ಉಳಿದದ್ದೆಲ್ಲ ಮುಖ ಕೆರೆದುಕೊಂಡಂತೆ. ನನ್ನ ಮದುವೆ ಗೊತ್ತಾದಾಗ ತನ್ನ ಕತ್ತಿಗಳಲ್ಲಿ ಒಂದನ್ನು ನನಗೆ ಕೊಟ್ಟು ಪಾಠ ಶುರು ಮಾಡಿದ. ಚರ್ಮದ ಪಟ್ಟಿಯ ಮೇಲೆ ಕತ್ತಿ ತೀಡಬೇಕು. ಬಿಸಿನೀರಿನಿಂದ ಮುಖ ನೆನೆಸಬೇಕು. ನೊರೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿರಬೇಕು, ಅವಸರ ಮಾಡಬಾರದು. ಒಂದು ಕೈಯಿಂದ ಚರ್ಮ ಬಿಗಿಹಿಡಿದು, ಮೊದಲು ಕೂದಲು ಬೆಳೆದ ದಿಕ್ಕಿಗೇ ಕತ್ತಿ ಎಳೆಯಬೇಕು. ಮತ್ತೊಮ್ಮೆ ನೊರೆ ಹಚ್ಚಿ ಎದುರು ದಿಕ್ಕಿಗೆ. ಇಷ್ಟೆಲ್ಲ ನನಗೆ ಬಂತು. ಬಾರದ್ದು ಒಂದೇ. ಬಲಗಲ್ಲಕ್ಕೆ ಬಲಗೈ, ಎಡಗಲ್ಲಕ್ಕೆ ಎಡಗೈ ಎಂಬುದು ಅಪ್ಪನ ಕಟ್ಟಪ್ಪಣೆ. ನನ್ನ ಎಡಗೈಗೆ ಕತ್ತಿ ಕೊಟ್ಟರೆ ಅದು ಗಡಗಡ ನಡುಗುತ್ತದೆ. ಬಲಗೈಯನ್ನೇ ಮುಖದ ಮೇಲಿಂದ ದಾಟಿಸಿ, ಮೂಗು ಉಳಿಸಿಕೊಂಡು, ಎಡಗಡೆಯದನ್ನು ಹೇಗೋ ಮುಗಿಸುತ್ತಿದ್ದೆ.

ಊರಿಗೆ ಹೋದರೆ ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಅಪ್ಪನ ಅಂಗೈ ಬರುತ್ತಿತ್ತು. ಕೆಳಗಿನಿಂದ ಮೇಲಕ್ಕೆ, ಕೂದಲಿಗೆ ಎದುರಾಗಿ. ಆಮೇಲೆ ಒಂದೇ ತೀರ್ಪು: “ತಮ್ಮಾ, ಇಲ್ಲಿ ಇನ್ನೂ ಉಳದೈತಿ.” ಬೀಗರು ಕುಳಿತಿರಲಿ, ನನ್ನ ಶಿಷ್ಯರು ಕುಳಿತಿರಲಿ, ಅವನಿಗೆ ಅದರ ಪರಿವೆ ಇಲ್ಲ. ಎರಡು ಮಕ್ಕಳ ತಂದೆಯಾದೆ, ಗಡ್ಡದಲ್ಲಿ ಬಿಳಿ ಕೂದಲು ಬಂದವು, ತೀರ್ಪು ಬದಲಾಗಲಿಲ್ಲ. ಒಮ್ಮೆ ಹಟಕ್ಕೆ ಬಿದ್ದು ಮೂರು ಬ್ಲೇಡಿನ ರೇಜರ್ ತಂದು ನುಣ್ಣಗೆ ಮಾಡಿಕೊಂಡು ಹೋದೆ. ಅಪ್ಪ ಕೈ ಇಟ್ಟವನೇ, “ಇದು ಕತ್ತೀದಲ್ಲ” ಎಂದು ಮುಖ ತಿರುಗಿಸಿದ. ಇಂಥ ಮನುಷ್ಯನಿಗೆ ಏನು ಹೇಳುವುದು? ‘ಸರಿ ಆತು’ ಎಂಬ ಮಾತು ಅವನ ಬಾಯಿಂದ ಒಮ್ಮೆಯೂ ಬರಲಿಲ್ಲ. ನನಗೆ ಬೇಕಾಗಿಯೂ ಇಲ್ಲ ಎಂದು ಹೆಂಡತಿಯ ಮುಂದೆ ಹಾರಾಡುತ್ತಿದ್ದೆ. ಖರೆ ಹೇಳಬೇಕೆಂದರೆ, ಒಮ್ಮೆಯಾದರೂ ಕೇಳಬೇಕೆಂದು ಬಹಳ ಆಸೆಯಿತ್ತು.

ಆಗ ನಾನು ಕುಳಗೇರಿ ಕ್ರಾಸಿನ ಹೈಸ್ಕೂಲಿನಲ್ಲಿದ್ದೆ, ಮನೆಯೂ ಅಲ್ಲೇ. ಒಂದು ರವಿವಾರ ಮುಂಜಾನೆ ಬಲಗಲ್ಲ ಮುಗಿಸಿ, ಎಡಗಲ್ಲಕ್ಕೆ ನೊರೆ ಹಚ್ಚಿ ಕತ್ತಿ ಎತ್ತಿದ್ದೆ. ಫೋನ್ ಬಂತು. ಬಾಗಲಕೋಟೆಯ ದವಾಖಾನೆಯಿಂದ ಅಣ್ಣ ಮಾತಾಡಿದ. ಅಪ್ಪ ಬಚ್ಚಲಲ್ಲಿ ಬಿದ್ದಿದ್ದಾನೆ, ಪ್ರಜ್ಞೆ ಇಲ್ಲ, ಡಾಕ್ಟರರು ಏನೂ ಹೇಳಲಿಕ್ಕಾಗದು ಎಂದಿದ್ದಾರೆ, ಇದ್ದ ಹಾಗೇ ಹೊರಟು ಬಾ ಎಂದ. ಕತ್ತಿಯನ್ನು ಕನ್ನಡಿಯ ಕೆಳಗೆ ಹಾಗೇ ಇಟ್ಟೆ. ನೊರೆಯನ್ನು ಟವೆಲಿನಿಂದ ಒರೆಸಿ, ಅಂಗಿ ಸಿಕ್ಕಿಸಿಕೊಂಡು ಓಡಿದೆ. ಹೆಂಡತಿ ಹಿಂದಿನಿಂದ ಕೂಗಿದಳು:

“ರೀ, ಮಾರಿ ಅರ್ಧ ಹಂಗ ಉಳದೈತ್ರಿ!”

“ಉಳೀಲಿ ಬಿಡು!” ಎಂದೆ.

ಬಸ್ಸಿನ ಕಂಡಕ್ಟರ್ ಪರಿಚಯದವನು. ಅವನಿಗೇನು ಗೊತ್ತು ನನ್ನ ಸಂಕಟ? “ಏನ್ರಿ ಸರ, ಎಡಗಡೀದು ನಾಳೆ ಮಾಡ್ಕೊಳ್ಳಾವ್ರೇನು?” ಎಂದ. ಅಕ್ಕಪಕ್ಕದವರು ನಕ್ಕರು. ಕೈ ಆಡಿಸಿ ನೋಡಿಕೊಂಡೆ. ಎಡಗಲ್ಲದ ತುಂಬ ಒರಟು ಕೂದಲು, ಒಣಗಿದ ಸಾಬೂನಿನ ತುರಿಕೆ ಬೇರೆ. ಹೆಗಲ ಮೇಲೇ ಉಳಿದಿದ್ದ ಟವೆಲನ್ನು ಕಿವಿಯ ಮೇಲಿಂದ ಸುತ್ತಿಕೊಂಡು ಕುಳಿತೆ. ಅಪ್ಪ ಇರುತ್ತಾನೋ ಇಲ್ಲವೋ ಎಂಬುದೊಂದೇ ಚಿಂತೆ ಇರಬೇಕಿತ್ತು. ಆದರೆ ಇದ್ದು ಕಣ್ಣು ತೆರೆದರೆ ಮೊದಲು ಈ ಅರ್ಧ ದಾಡಿಯೇ ಕಾಣುತ್ತದಲ್ಲ ಎಂಬುದೂ ತಲೆಗೆ ಬಂತು. ನನಗೇ ನನ್ನ ಮೇಲೆ ಸಿಟ್ಟು ಬಂತು.

ಕೆರೂರು ದಾಟಿದ ಮೇಲೆ ಎಡಗಲ್ಲಕ್ಕೆ ತಣ್ಣಗೆ ಏನೋ ತಾಗಿತು. ಕಿವಿಯ ಹತ್ತಿರ ಚರ್ಮವನ್ನು ಯಾರೋ ಹೆಬ್ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದಂತಾಯಿತು. ಗಾಳಿ ಇರಬೇಕು ಎಂದುಕೊಂಡೆ. ಕಿಟಕಿ ನನ್ನ ಬಲಕ್ಕಿತ್ತು ಎಂಬುದು ಹೊಳೆದದ್ದು ಎಷ್ಟೋ ದಿನಗಳ ಮೇಲೆ. ನಾನು ನಿದ್ದೆ ಮಾಡಿರಲಿಲ್ಲ. ಈ ಮಾತನ್ನು ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ.

ದವಾಖಾನೆಯ ಬಾಗಿಲಲ್ಲಿ ಅಣ್ಣ ಸಿಕ್ಕ. ಟವೆಲ್ ತೆಗೆಯುತ್ತ, “ಅರ್ಧ ದಾಡಿಯೊಳಗ ಓಡಿ ಬಂದೇನಿ, ಇಲ್ಲೆ ಹತ್ರ ಕಟಿಂಗ್ ಅಂಗಡಿ ಐತೇನು?” ಎಂದೆ. ಅವನು ನನ್ನ ಮುಖ ನೋಡಿದ. “ಯಾವ ಅರ್ಧಲೇ? ತಲಿ ಕೆಟ್ಟೈತೇನ್ ನಿಂಗ? ನಡಿ ಒಳಗ” ಎಂದು ರೇಗಿದ. ಕೈ ಇಟ್ಟು ನೋಡಿದೆ. ಎಡಗಲ್ಲ ನುಣ್ಣಗಿತ್ತು. ಕೆಳಗಿನಿಂದ ಮೇಲಕ್ಕೆ ಆಡಿಸಿದರೂ ನುಣ್ಣಗೇ ಇತ್ತು. ಔಷಧದ ಅಂಗಡಿಯ ಗಾಜಿನಲ್ಲಿ ಬಗ್ಗಿ ನೋಡಿಕೊಂಡೆ. ಕೂದಲಿರಲಿಲ್ಲ, ಸಾಬೂನಿರಲಿಲ್ಲ, ಒಂದು ಗೀರೂ ಇರಲಿಲ್ಲ. ನನ್ನ ಜನ್ಮದಲ್ಲಿ ಎಡಗಲ್ಲ ಹಾಗೆ ಆಗಿರಲಿಲ್ಲ.

ಅಪ್ಪನ ಮಂಚದ ಹತ್ತಿರ ನರ್ಸ್ ಬೇಸರದಿಂದ ಸಲೈನಿನ ಸೂಜಿಯನ್ನು ಮತ್ತೆ ಚುಚ್ಚುತ್ತಿದ್ದಳು. “ನೋಡ್ರಿ ಅಣ್ಣಾರ, ಇವರು ಎಡಗೈ ಒಂದ ಸಮ ಆಡಸಾಕತ್ತಿದ್ರು. ಸೂಜಿ ಕಿತ್ತು ಬಂತು. ಹಿಡದ್ರೂ ಕೇಳವಲ್ರು. ಈಗ ಸುಮ್ಮನಾಗ್ಯಾರ” ಎಂದಳು. ಹೇಗೆ ಆಡಿಸುತ್ತಿದ್ದರು ಎಂದು ಕೇಳಿದೆ. ಅವಳು ತನ್ನ ಎಡಗೈಯನ್ನು ಗಾಳಿಯಲ್ಲಿ ಮೇಲಿನಿಂದ ನಿಧಾನವಾಗಿ ಕೆಳಗೆ ಎಳೆದಳು, ಸ್ವಲ್ಪ ತಡೆದು, ಕೆಳಗಿನಿಂದ ಮೇಲಕ್ಕೆ ಒಯ್ದಳು. “ನೊಣ ಹೊಡೀತಿದ್ರೋ ಏನೋ” ಎಂದು ಹೋದಳು. ಪ್ರಜ್ಞೆ ಇಲ್ಲದವರು ಕೈ ಆಡಿಸುವುದುಂಟು ಎಂದು ಆಮೇಲೆ ಡಾಕ್ಟರರೂ ಹೇಳಿದರು. ಇರಬಹುದು.

ಅಪ್ಪಾ ಎಂದು ಕರೆದೆ. ಮತ್ತೆ ಕರೆದೆ. ಅವನ ಕಣ್ಣು ಸ್ವಲ್ಪ ತೆರೆದವು. ಬಲಗೈ ಎದ್ದು ಬಂತು, ಎಲ್ಲಿಗೆ ಎಂದು ಹೇಳಬೇಕಾಗಿಲ್ಲ. ಎಡಗಲ್ಲದ ಮೇಲೆ ಕೆಳಗಿನಿಂದ ಮೇಲಕ್ಕೆ ಅಂಗೈ ಹೋಯಿತು. “ಹಾಂ. ಈಗ ಸರಿ ಆತು” ಎಂದ. ಅಷ್ಟಕ್ಕೇ ಕೈ ಇಳಿಸಬಾರದಿತ್ತೇ? ಅದು ನಿಧಾನವಾಗಿ ಬಲಗಲ್ಲಕ್ಕೆ ಬಂತು, ನಾನೇ ಮಾಡಿಕೊಂಡ ಕಡೆಗೆ. ದವಡೆಯ ಮೂಲೆಯಲ್ಲಿ ನಿಂತಿತು.

“ತಮ್ಮಾ, ಇಲ್ಲಿ ಇನ್ನೂ ಉಳದೈತಿ.”

ಅವನ ಕಡೆಯ ಮಾತು ಅದೇ. ಮತ್ತೆ ಕಣ್ಣು ತೆರೆಯಲಿಲ್ಲ. ಮರುದಿನ ಹೋಗಿಬಿಟ್ಟ.

ಎಲ್ಲ ಮುಗಿಸಿ ಮನೆಗೆ ಬಂದಾಗ ಹೆಂಡತಿ, ಕತ್ತಿ ತೆರೆದದ್ದು ತೆರೆದ ಹಾಗೇ ಇತ್ತು, ತಾನೇ ಒರೆಸಿ ಮಡಚಿಟ್ಟೆ ಎಂದಳು. ಕಂಡಕ್ಟರ್ ಸಿಕ್ಕಾಗ, ಆವತ್ತು ಉಳಿದರ್ಧ ಎಲ್ಲಿ ಮಾಡಿಸಿಕೊಂಡಿರಿ ಎಂದು ಅವನೇ ಕೇಳಿದ. ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದೆ. ಗಾಬರಿಯಲ್ಲಿ ನೀವೇ ಮುಗಿಸಿಕೊಂಡು ಮರೆತಿದ್ದೀರಿ ಎಂದರು. ಕಂಡಕ್ಟರ್ ನೋಡಿದನಲ್ಲ ಎಂದರೆ, ಅವನು ಬೇರೆ ಯಾವತ್ತಿನದೋ ಹೇಳುತ್ತಿದ್ದಾನೆ ಎಂದರು. ಹೆಂಡತಿ? ಅವರಿಗೂ ಗಾಬರಿ ಎಂದರು. ನಾನು ಇಷ್ಟು ವರ್ಷ ಬೇರೆಯವರಿಗೆ ಹೇಳಿದ ಮಾತುಗಳೇ ಇವು. ಅದಕ್ಕೇ ನೆಟ್ಟಗೆ ಸಿಟ್ಟು ಮಾಡಲಿಕ್ಕೂ ಬರುವುದಿಲ್ಲ. ನಂಬುವವರದು ಇನ್ನೊಂದು ಕಾಟ. ಅದು ತಂದೆಯ ಆಶೀರ್ವಾದ ಎನ್ನುತ್ತಾರೆ. ಆಶೀರ್ವಾದವಾಗಿದ್ದರೆ ಎರಡೂ ಗಲ್ಲಕ್ಕೆ ಆಗಬೇಕಿತ್ತಲ್ಲ?

ನನ್ನ ಸಂಕಟ ಅದಲ್ಲ. ಅಪ್ಪ ಜೀವಮಾನದಲ್ಲಿ ಒಮ್ಮೆ ಸರಿ ಎಂದ, ಅದೂ ನಾನು ಮಾಡದ ಕೆಲಸಕ್ಕೆ. ಯಾರು ಮಾಡಿದರು ಎಂದು ಇಂದಿಗೂ ನನಗೆ ತಿಳಿದಿಲ್ಲ. ತಿಳಿದಿದೆ ಎಂದು ಹೇಳಲು ನನ್ನ ವಿಜ್ಞಾನ ಬಿಡುವುದಿಲ್ಲ.

ಈಗಲೂ ಅದೇ ಕತ್ತಿ. ಎಡಗಲ್ಲ ಮತ್ತೆಂದೂ ಆವತ್ತಿನಷ್ಟು ನುಣ್ಣಗಾಗಿಲ್ಲ, ಅದರ ಆಸೆಯನ್ನು ಬಿಟ್ಟಿದ್ದೇನೆ. ಬಲಗಲ್ಲಕ್ಕೆ ಮಾತ್ರ ದಿನಾಲು ಎರಡನೆಯ ಸಲ ನೊರೆ ಹಚ್ಚಿ, ಚರ್ಮ ಬಿಗಿಹಿಡಿದು, ಅವಸರವಿಲ್ಲದೆ ಕತ್ತಿ ಎಳೆಯುತ್ತೇನೆ. ಮುಖ ತೊಳೆದುಕೊಂಡು, ಅಪ್ಪ ನೋಡುತ್ತಿದ್ದಂತೆ ಕೆಳಗಿನಿಂದ ಮೇಲಕ್ಕೆ ಅಂಗೈ ಆಡಿಸುತ್ತೇನೆ. ದವಡೆಯ ಮೂಲೆಯಲ್ಲಿ ಇನ್ನೂ ಉಳಿದೇ ಇರುತ್ತದೆ.