ಗೋಡೆಯಾಚೆಯ ನಲ್ಲಿ

ಕಟ್ಟಡಗಳ ಕರೆಂಟ್ ಬಿಲ್ ಇಳಿಸಿಕೊಡುವುದು ನನ್ನ ಹೊಟ್ಟೆಪಾಡು. ಆಫೀಸು, ಹಾಸ್ಟೆಲ್ಲು, ಕಲ್ಯಾಣ ಮಂಟಪ, ಯಾರು ಕರೆದರೂ ಮೀಟರ್ ಹಿಡಿದುಕೊಂಡು ಹೋಗುತ್ತೇನೆ. ಎಲ್ಲಿ ಕರೆಂಟ್ ದಂಡವಾಗುತ್ತಿದೆ ಎಂದು ಹುಡುಕಿ ವರದಿ ಬರೆದುಕೊಡುತ್ತೇನೆ. ಈ ಕೆಲಸ ಮನುಷ್ಯನ ಸ್ವಭಾವವನ್ನೇ ಕೆಡಿಸಿಬಿಡುತ್ತದೆ. ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ, ಅದು ಯಾರ ಮನೆಯದೇ ಆಗಿರಲಿ, ನನಗೆ ಮೈಯೆಲ್ಲ ಉರಿಯುತ್ತದೆ. "ಹೆಣ್ಣು ತೋರಿಸೋಕೆ ಕರ್ಕೊಂಡು ಹೋದ್ರೆ, ಹುಡುಗೀನ ಬಿಟ್ಟು ಅವರ ಮನೆ ಗೀಸರ್ ನೋಡ್ಕೊಂಡು ಬಂದ ಪುಣ್ಯಾತ್ಮ" ಎಂದು ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅದು ಪೂರ್ತಿ ಸುಳ್ಳೂ ಅಲ್ಲ.

ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಈಗ ಕೆ.ಆರ್. ಪುರದ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಶಿವಾಜಿನಗರದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಅವಳಿಗೆ ಡಯಾಲಿಸಿಸ್. ಡಾಕ್ಟರು ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿಯಕೂಡದು ಎಂದಿದ್ದಾರೆ. ಸೆಕೆ ತಡೆಯಲಾಗದಾಗ ಐಸಿನ ಚೂರೊಂದನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಾಳೆ. ಬೇರೆ ಆಸ್ಪತ್ರೆಗಳಲ್ಲೂ ವಿಚಾರಿಸಿ ಬಂದಿದ್ದೆ. ಅಲ್ಲಿನ ದರ ನನ್ನ ಸಂಪಾದನೆಗೆ ಎಟುಕುವಂಥದ್ದಲ್ಲ.

ಹೋದ ಚಳಿಗಾಲದ ಕೊನೆಗೆ ಆ ಆಸ್ಪತ್ರೆಯ ಸೆಕ್ರೆಟರಿ ನನಗೆ ಹೇಳಿಕಳಿಸಿದರು. ರಸೆಲ್ ಮಾರುಕಟ್ಟೆಯಲ್ಲಿ ಖರ್ಜೂರ, ಬಾದಾಮಿ ಮಾರುವ ಹಿರಿಯರು ಅವರು. ಅಂಗಡಿಯೊಳಗೆ ಕೂರಿಸಿ, ಚಹಾ ತರಿಸಿ, ಮಾತು ತೆಗೆದರು.

"ನೋಡಿ ಇಂಜಿನಿಯರ್ ಸಾಬ್, ಕರೆಂಟ್ ಬಿಲ್ ಕಟ್ಟೋಕೆ ಆಗ್ತಿಲ್ಲ. ಕಮಿಟಿಯವರು ಡಯಾಲಿಸಿಸ್ ಬಂದ್ ಮಾಡಿ ಅಂತಿದಾರೆ. ಮೂರು ತಿಂಗಳು ಟೈಮ್ ಕೇಳ್ಕೊಂಡಿದ್ದೀನಿ. ಬಿಲ್ ಇಳಿದ್ರೆ ಉಳೀತು, ಇಲ್ಲಾಂದ್ರೆ ನನ್ನ ಕೈಲೂ ಏನಿಲ್ಲ."

ಅಕ್ಕ ಅಲ್ಲಿನ ರೋಗಿ ಎಂದು ಅವರಿಗೆ ಗೊತ್ತಿತ್ತು. ನನಗೆ ಫೀಸು ಬೇಡ ಎಂದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ನೇರವಾಗಿ ಆಸ್ಪತ್ರೆಗೆ ಹೋದೆ.

ಮುಂದಿನ ಎರಡು ತಿಂಗಳು ನಾನು ಮನುಷ್ಯನಾಗಿರಲಿಲ್ಲ. ಹಳೆಯ ಟ್ಯೂಬ್‌ಲೈಟುಗಳನ್ನೆಲ್ಲ ಕೀಳಿಸಿ ಎಲ್‌ಇಡಿ ಹಾಕಿಸಿದೆ. ಎಸಿಗಳ ಫಿಲ್ಟರನ್ನು ನಾನೇ ಬಿಚ್ಚಿ ತೊಳೆದೆ. ಗೀಸರುಗಳಿಗೆ ಟೈಮರ್ ಕೂರಿಸಿದೆ. ಎಸಿಯನ್ನು ಇಪ್ಪತ್ತಾರಕ್ಕಿಂತ ಕೆಳಗೆ ಇಳಿಸಬೇಡಿ ಎಂದು ನರ್ಸುಗಳ ಜೊತೆ ಜಗಳವಾಡಿದೆ. ಕೊನೆಕೊನೆಗೆ ಅವರು ನನ್ನ ತಲೆ ಕಂಡರೆ ರಿಮೋಟ್ ಬಚ್ಚಿಡುತ್ತಿದ್ದರು. ಇಷ್ಟಾದರೂ ಬಿಲ್ಲು ಇಳಿದದ್ದು ಹೆಸರಿಗೆ ಮಾತ್ರ. ಬೇಸಿಗೆ ಬೇರೆ ಶುರುವಾಗಿತ್ತು. ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಅದೇ ಲೆಕ್ಕವನ್ನು ಮತ್ತೆ ಮತ್ತೆ ತಿರುವಿಹಾಕುತ್ತಿದ್ದೆ. ಈ ಕೋಣೆ ಮುಚ್ಚಿದರೆ ಅಕ್ಕ ಎಷ್ಟು ವಾರ ಇರುತ್ತಾಳೆ ಎಂದು ಒಮ್ಮೆ ಮನಸ್ಸಿನಲ್ಲೇ ಎಣಿಸಿಬಿಟ್ಟೆ. ಎಣಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕೊನೆಗೆ ಮುಖ್ಯ ಪ್ಯಾನೆಲ್ಲಿಗೆ ಮೀಟರ್ ಕಟ್ಟಿ ಒಂದು ವಾರ ಹಾಗೇ ಬಿಟ್ಟೆ. ದಿನಾ ಬೆಳಿಗ್ಗೆ ಮೂರು ತಾಸು, ಮಧ್ಯಾಹ್ನ ಮೂರು ತಾಸು, ಬೋರ್‌ವೆಲ್ಲಿನ ಮೋಟರು ಓಡುತ್ತಿರುವುದು ಅದರಲ್ಲಿ ಕಂಡಿತು. ಆಸ್ಪತ್ರೆಗೆ ಬೇಕಾದ ನೀರಿಗೆ ಅದರ ಅರ್ಧ ಸಾಕಿತ್ತು. ಒಂದು ಮಧ್ಯಾಹ್ನ ಹೇಳದೆ ಕೇಳದೆ ಪಂಪ್ ಮನೆಗೆ ನುಗ್ಗಿದೆ. ಮೇಲಿನ ಟ್ಯಾಂಕು ತುಂಬಿತ್ತು. ಆದರೂ ಮೋಟರು ಓಡುತ್ತಲೇ ಇತ್ತು. ಮೂಲೆಯ ಪೈಪೊಂದಕ್ಕೆ ಕೈಯಿಟ್ಟೆ. ತಣ್ಣಗಿತ್ತು, ಒಳಗೆ ನೀರು ಹರಿಯುತ್ತಿತ್ತು. ಅದು ಆಸ್ಪತ್ರೆಯ ಕಡೆಗೆ ಹೋಗದೆ ಕಾಂಪೌಂಡು ಗೋಡೆಯ ಕಡೆಗೆ ಹೋಗಿತ್ತು.

ಗೋಡೆಯಾಚೆ ಗಲ್ಲಿ. ಅಲ್ಲಿ ಕಲ್ಲಿನ ಕಟ್ಟೆಯೊಂದಕ್ಕೆ ನಲ್ಲಿ ಇದೆ. ಆಸ್ಪತ್ರೆ ಕಟ್ಟಿಸಿದ ಹಿರಿಯರು ದಾರಿಹೋಕರಿಗೆಂದು ಇಟ್ಟ ಅರವಟಿಗೆ, ಅವರ ಮಾತಿನಲ್ಲಿ ಸಬೀಲು. ಬಾಯಾರಿದವರಿಗೆ ನೀರು ಕೊಡುವುದಕ್ಕಿಂತ ದೊಡ್ಡ ಪುಣ್ಯವಿಲ್ಲ ಎಂದು ನಂಬಿದ ಜನ, ಅದಕ್ಕೊಂದು ಲೆಕ್ಕ ಇಡುವವರಲ್ಲ. ಈಗ ಇಡೀ ಗಲ್ಲಿ ಬಿಂದಿಗೆ ತಂದು ಅಲ್ಲೇ ನೀರು ಹಿಡಿಯುತ್ತಿತ್ತು. ಅದು ಜಲಮಂಡಳಿಯ ಕಾವೇರಿ ನೀರು ಎಂದೇ ಕಮಿಟಿಯವರೂ ಸೇರಿದಂತೆ ಎಲ್ಲರೂ ತಿಳಿದಿದ್ದರು.

ಪಂಪ್ ನೋಡಿಕೊಳ್ಳುವವರು ಹಲಸೂರಿನ ತಮಿಳು ಮಾತಿನ ಮುದುಕರು. ನನ್ನ ಕೈ ಪೈಪಿನ ಮೇಲಿರುವುದನ್ನು ನೋಡಿ ಬಾಗಿಲಲ್ಲೇ ನಿಂತರು.

"ಹಳೇ ಕಾವೇರಿ ಲೈನು ತುಕ್ಕು ಹಿಡ್ದು ಮುಚ್ಕೊಂಡ್ಬಿಡ್ತು ಸಾರ್. ಎಷ್ಟೋ ವರ್ಷ ಆಯ್ತು. ಧರ್ಮಕ್ಕೆ ಇಟ್ಟಿದ್ದ ನಲ್ಲಿ, ಒಣಗಕ್ಕೆ ಬಿಡೋಕೆ ಮನಸ್ಸು ಬರ್ಲಿಲ್ಲ. ನಾನೇ ಬೋರಿಗೆ ಸೇರಿಸ್ದೆ. ಯಾರಿಗೂ ಹೇಳ್ಲಿಲ್ಲ. ನೀವೂ ಬರೀಬೇಡಿ ಸಾರ್."

"ಆಗ್ಲಿ, ನೋಡೋಣ" ಎಂದೆ. ಅವರು ಕೈ ಮುಗಿದರು. ನಾನು ಮುಖ ತಿರುಗಿಸಿದೆ.

ನಮ್ಮ ವರದಿಯ ನಮೂನೆಯಲ್ಲಿ ಬಳಕೆ ಎಂಬ ಕಲಂ ಇದೆ, ಸೋರಿಕೆ ಎಂಬ ಕಲಂ ಇದೆ. ದಾನ ಎಂಬ ಕಲಂ ಇಲ್ಲ. ಆದರೆ ನಮೂನೆಯ ಮೇಲೆ ತಪ್ಪು ಹೊರಿಸಿ ನಾನು ಪಾರಾಗುವಂತಿಲ್ಲ. ಕೆಳಗೆ ಷರಾ ಬರೆಯಲು ಬೇಕಾದಷ್ಟು ಜಾಗವಿತ್ತು. ಸಬೀಲು ಎಂದು ಬರೆದರೆ ಕಮಿಟಿಯವರು ಸತ್ತರೂ ಅದನ್ನು ಮುಚ್ಚಿಸುವುದಿಲ್ಲ, ಡಯಾಲಿಸಿಸ್ ಮುಚ್ಚುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. 'ನೆಲದಡಿಯ ಹಳೆಯ ಪೈಪಿನಲ್ಲಿ ಸೋರಿಕೆ, ವಾಲ್ವ್ ಮುಚ್ಚಿ ಸೀಲ್ ಮಾಡುವುದು' ಎಂದು ಬರೆದೆ. ಬೇರೆಯವರು ಮತ್ತೆ ತೆರೆಯದಂತೆ ನಾನೇ ಎದುರಿಗೆ ನಿಂತು ಸೀಲ್ ಹಾಕಿಸಿದೆ. ವಾಲ್ವ್ ಮುಚ್ಚಿದ್ದು ಆ ಮುದುಕರೇ. ಇದು ಸೋರಿಕೆಯಲ್ಲ ಎಂದಿದ್ದರೆ ಅವರ ಕೆಲಸ ಹೋಗುತ್ತಿತ್ತು.

ಮುಂದಿನ ಬಿಲ್ಲು ಗಣನೀಯವಾಗಿ ಇಳಿಯಿತು. ಸೆಕ್ರೆಟರಿ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮಿಂದ ಎಷ್ಟು ಜೀವ ಉಳೀತು ಸಾಬ್" ಎಂದು ಕಣ್ಣೊರೆಸಿಕೊಂಡರು. ಒಂದು ಕಿಲೋ ಖರ್ಜೂರ ಕಟ್ಟಿಕೊಟ್ಟರು. ನಲ್ಲಿ ಒಣಗಿದ್ದಕ್ಕೆ, ಕಾವೇರಿ ಲೈನು ಕೆಟ್ಟಿರಬೇಕು, ದೂರು ಕೊಟ್ಟಿದ್ದೇವೆ ಎಂದು ಕಮಿಟಿಯವರು ಗಲ್ಲಿಯ ಜನರಿಗೆ ಸಮಾಧಾನ ಹೇಳಿದರಂತೆ.

ಅದಾಗಿ ಎರಡು ವಾರದ ಮೇಲೆ ಒಂದು ಶುಕ್ರವಾರ ಅಕ್ಕನ ಪಕ್ಕ ಕೂತಿದ್ದೆ. ತೋಳಿನಿಂದ ರಕ್ತ ಹೊರಗೆ ಹೋಗಿ ಮೆಷಿನ್ನಿನಲ್ಲಿ ತೊಳೆಸಿಕೊಂಡು ವಾಪಸು ಬರುವುದನ್ನು ನೋಡುತ್ತಿದ್ದೆ. ಪಕ್ಕದ ಹಾಸಿಗೆಯಲ್ಲಿ ಅದೇ ಗಲ್ಲಿಯ ಹೆಂಗಸು. ಅಕ್ಕನಿಗೂ ಅವರಿಗೂ ಮೊದಲ ದಿನದಿಂದ ಸ್ನೇಹ.

"ನಮ್ ಸಬೀಲು ಬಂದಾಗಿ ಹೋಯ್ತು ಬೆಹನ್" ಎಂದರು ಆಕೆ. "ಡಾಕ್ಟರ್ ನನ್ಗೆ ಭಾರ ಎತ್ಬೇಡ ಅಂದ್ರು. ನಮ್ಮತ್ತೆ ಎಪ್ಪತ್ತು ವರ್ಷದೋರು, ದೊಡ್ಡ ರಸ್ತೆಗೆ ಹೋಗಿ ಟ್ಯಾಂಕರ್ ಹತ್ರ ನಿಂತ್ಕೋತಾರೆ. ನಿನ್ನೆ ತಳ್ಳಾಟದಲ್ಲಿ ಬಿದ್ಬಿಟ್ರು. ಕೈ ಮುರೀತು."

ಅಕ್ಕ ನನ್ನ ಕಡೆ ತಿರುಗಿದಳು. "ಪಂಪು, ಪೈಪು ಎಲ್ಲಾ ನೀನೇ ನೋಡಿದ್ಯಲ್ಲ. ಏನಾಯ್ತೋ ಅದಕ್ಕೆ?"

ಕೆಟ್ಟಿರಬೇಕು ಎನ್ನಬಹುದಿತ್ತು. ಹೇಳಲು ಬಾಯಿ ತೆರೆದರೆ ಅಳು ಬಂತು. ಚಿಕ್ಕಂದಿನಿಂದ ನನ್ನ ಮುಖ ನೋಡಿ ಸುಳ್ಳು ಹಿಡಿದವಳಿಗೆ ಅಷ್ಟೇ ಸಾಕಾಯಿತು. ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ನನಗೋಸ್ಕರ ಅಂತ ಮಾತ್ರ ಹೇಳ್ಬೇಡ ಕಣೋ."

ನಾನು ಹೇಳಬೇಕೆಂದಿದ್ದದ್ದು ಅದನ್ನೇ.

ಮಾರನೆಯ ದಿನ ಕೂತು ಸೆಕ್ರೆಟರಿಯವರಿಗೆ ಪತ್ರ ಬರೆದೆ. ನಡೆದದ್ದನ್ನೆಲ್ಲ ಬರೆದೆ. ಸಹಿ ಹಾಕಿದೆ. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಮೂರು ಸಲ ರಸೆಲ್ ಮಾರುಕಟ್ಟೆಯವರೆಗೆ ಹೋಗಿದ್ದೇನೆ. ಹೂವಿನ ಅಂಗಡಿಗಳನ್ನು ದಾಟಿ ಅವರ ಅಂಗಡಿ ಕಾಣುವಷ್ಟು ಹತ್ತಿರ ಹೋಗಿ ಹಿಂದಕ್ಕೆ ಬಂದಿದ್ದೇನೆ. ನಲ್ಲಿ ತೆರೆದರೆ ಬಿಲ್ಲು ಏರುತ್ತದೆ, ಏರಿದರೆ ಅಕ್ಕನ ಹಾಸಿಗೆ ಹೋಗುತ್ತದೆ, ಆ ಹೆಂಗಸಿನದೂ ಹೋಗುತ್ತದೆ. ಬೇರೆ ದಾರಿ ಇದೆಯೇ ಎಂದು ಎಷ್ಟು ಸಲ ಲೆಕ್ಕ ಹಾಕಿದರೂ ಸಿಕ್ಕಿಲ್ಲ. ಪತ್ರದ ಮಡಿಕೆಗಳು ಈಗ ಹರಿಯತೊಡಗಿವೆ.

ಅಕ್ಕ ಆ ವಿಷಯ ಮತ್ತೆ ಎತ್ತಿಲ್ಲ. ಮನೆಯಲ್ಲಿ ಮೊದಲಿನಂತೆಯೇ ಬೈಯುತ್ತಾಳೆ, ತಮಾಷೆ ಮಾಡುತ್ತಾಳೆ. ಆದರೆ ಮಂಗಳವಾರ, ಶುಕ್ರವಾರ ಆಟೋದವನಿಗೆ ಆ ಗಲ್ಲಿಯ ತುದಿಯಲ್ಲೇ ನಿಲ್ಲಿಸು ಎನ್ನುತ್ತಾಳೆ. ಊದಿದ ಕಾಲಿನಲ್ಲಿ, ನನ್ನ ಕೈ ಹಿಡಿದುಕೊಂಡು, ಆಸ್ಪತ್ರೆಯವರೆಗೆ ನಡೆಯುತ್ತಾಳೆ. ಆ ಒಣ ನಲ್ಲಿಯ ಮುಂದೆ ಬಂದಾಗ ನನ್ನ ಕೈ ಬಿಡುತ್ತಾಳೆ. ಗೋಡೆ ಹಿಡಿದುಕೊಂಡು ಅಷ್ಟು ದೂರ ಒಬ್ಬಳೇ ದಾಟುತ್ತಾಳೆ. ದಾಟಿದ ಮೇಲೆ ನಿಂತು, ಕೈ ಚಾಚಿ, ನಾನು ಬರುವವರೆಗೆ ಕಾಯುತ್ತಾಳೆ.